ಇಯರ್‌ಫೋನಲ್ಲಿ ಇಂಜಿನಿಯರಿಂಗ್: ನಾನು ಕೇಳುವ ಐದು ಪಾಡ್‌ಕಾಸ್ಟ್‌ಗಳು

ಮೂರನೇ ಸೆಮಿಸ್ಟರ್‌ನ ಲ್ಯಾಬಲ್ಲಿ ಒಂದು ದಿನ ನಮ್ಮ ಆಂಪ್ಲಿಫೈಯರ್ ಎಷ್ಟು ಒದ್ದಾಡಿದರೂ ಸರಿಯಾದ ಗೇನ್ ಕೊಡಲಿಲ್ಲ. ಟೈಮ್ ಮುಗೀತಾ ಬಂದಿತ್ತು. ಪಕ್ಕದ ಬ್ಯಾಚ್‌ನ ರೀಡಿಂಗ್ ನೋಡಿ, ಅಲ್ಲಿ ಇಲ್ಲಿ ಸ್ವಲ್ಪ ಬದಲಾಯಿಸಿ ಬರೆದೆ. ಸೈನ್ ಆಯ್ತು, ಫುಲ್ ಮಾರ್ಕ್ಸೂ ಬಂತು. ಆದರೆ ಸರ್ಕ್ಯೂಟ್ ಯಾಕೆ ಕೈಕೊಟ್ಟಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅದೇ ವಾರ ಕಾಲೇಜ್ ಬಸ್ಸಲ್ಲಿ ಟೈಮ್‌ಪಾಸ್‌ಗೆ ಅಂತ ಒಂದು ಪಾಡ್‌ಕಾಸ್ಟ್ ಹಾಕಿದೆ. ರೋಮನ್ ಮಾರ್ಸ್ 2010ರಲ್ಲಿ ಶುರು ಮಾಡಿದ '99 ಪರ್ಸೆಂಟ್ ಇನ್‌ವಿಸಿಬಲ್'. ಎಪಿಸೋಡ್ ಇದ್ದದ್ದು ನ್ಯೂಯಾರ್ಕ್‌ನ 59 ಮಹಡಿಯ ಸಿಟಿಕಾರ್ಪ್ ಕಟ್ಟಡದ ಬಗ್ಗೆ. ಸೈಟಿನ ಒಂದು ಮೂಲೆಯಲ್ಲಿ ಚರ್ಚ್ ಇದ್ದದ್ದರಿಂದ ಅದರ ಕಂಬಗಳನ್ನು ಮೂಲೆಗಳಲ್ಲಿ ಹಾಕದೆ ಪ್ರತಿ ಬದಿಯ ಮಧ್ಯದಲ್ಲಿ ಹಾಕಿದ್ದರು. ಡಿಸೈನ್ ಮಾಡಿದವರು ವಿಲಿಯಂ ಲೆಮೆಷೂರಿಯರ್. ಗಾಳಿ ನೇರವಾಗಿ ಬದಿಗೆ ಹೊಡೆದರೆ ತೊಂದರೆ ಇರಲಿಲ್ಲ. ಮೂಲೆ ಕಡೆಯಿಂದ ಓರೆಯಾಗಿ ಹೊಡೆದರೆ? ಆಗ ಪ್ರಿನ್ಸ್‌ಟನ್‌ನಲ್ಲಿ ಓದ್ತಿದ್ದ ಡಯೇನ್ ಹಾರ್ಟ್ಲಿ ತನ್ನ ಥೀಸಿಸ್‌ಗೆ ಲೆಕ್ಕ ಹಾಕಿದಾಗ ಅಂಥ ಗಾಳಿಗೆ ಸ್ಟ್ರೆಸ್ ಜಾಸ್ತಿ ಬರ್ತಿತ್ತು. ಇನ್ನೊಂದು ಕಡೆ, ವೆಲ್ಡ್ ಮಾಡಬೇಕಿದ್ದ ಜಾಯಿಂಟ್‌ಗಳಿಗೆ ಖರ್ಚು ಉಳಿಸಲು ಬೋಲ್ಟ್ ಹಾಕಿದ್ದರು.

ಲೆಮೆಷೂರಿಯರ್ 1978ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದರು. ಬಾಯಿ ಮುಚ್ಚಿಕೊಂಡು ಇರಬಹುದಿತ್ತು, ಆದರೆ ಮಾಲೀಕರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡರು. ರಾತ್ರಿ ಹೊತ್ತು ವೆಲ್ಡರ್‌ಗಳು ಒಳಗೆ ಹೋಗಿ ಜಾಯಿಂಟ್‌ಗಳ ಮೇಲೆ ಉಕ್ಕಿನ ಪ್ಲೇಟ್ ಕೂರಿಸಿದರು. ಆದರೆ ಹಗಲು ಅಲ್ಲೇ ಕೆಲಸ ಮಾಡ್ತಿದ್ದ ಜನಕ್ಕೆ ಯಾರೂ ವಿಷಯ ಹೇಳಲಿಲ್ಲ. ಹೊರಜಗತ್ತಿಗೆ ಇದು ಗೊತ್ತಾಗಿದ್ದು 1995ರಲ್ಲಿ. ಹಾಗಾದರೆ ಅವರು ಮಾಡಿದ್ದು ಪೂರ್ತಿ ಸರಿನಾ? ಕೇಳಿ, ನೀವೇ ಜಗಳ ಆಡಿ.

ನನಗಂತೂ ನನ್ನ ಅಬ್ಸರ್ವೇಶನ್ ಬುಕ್ ನೆನಪಾಯ್ತು. ಆಮೇಲೆ ಇಂಥವನ್ನೇ ಹುಡುಕಿ ಕೇಳತೊಡಗಿದೆ. ನನಗೆ ಇಷ್ಟ ಆದ ಇನ್ನೂ ನಾಲ್ಕು ಇಲ್ಲಿವೆ.

13 ಮಿನಿಟ್ಸ್ ಟು ದ ಮೂನ್ (ಬಿಬಿಸಿ, 2019). ಅಪೋಲೋ 11 ಚಂದ್ರನ ಮೇಲೆ ಇಳಿಯುವ ಕೊನೇ 13 ನಿಮಿಷದ ಕಥೆ. ಇಳಿಯುವಾಗ ಕಂಪ್ಯೂಟರ್ 1202 ಅಂತ ಅಲಾರಂ ಕೊಡುತ್ತದೆ. ಅಂದರೆ, ಕೆಲಸದ ಲೋಡ್ ಜಾಸ್ತಿ ಆಗಿದೆ, ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮಾತ್ರ ಮಾಡ್ತಿದ್ದೀನಿ ಅಂತ. ಓಎಸ್ ಕ್ಲಾಸಿನ ಪ್ರಯಾರಿಟಿ ಶೆಡ್ಯೂಲಿಂಗ್ ನನ್ನ ತಲೆಗೆ ಹೋಗಿದ್ದು ಇಲ್ಲೇ. ಕೆಲವು ವಾರ ಮುಂಚೆ ಪ್ರಾಕ್ಟೀಸ್‌ನಲ್ಲಿ ಇಂಥದ್ದೇ ಅಲಾರಂಗೆ ಹೆದರಿ ಲ್ಯಾಂಡಿಂಗ್ ಕೈಬಿಟ್ಟಿದ್ದರು. ಆ ತಪ್ಪಿನ ನಂತರ 24 ವರ್ಷದ ಜ್ಯಾಕ್ ಗಾರ್ಮನ್ ಎಲ್ಲ ಅಲಾರಂಗಳ ಪಟ್ಟಿ ಕೈಯಲ್ಲೇ ಬರೆದಿಟ್ಟುಕೊಂಡಿದ್ದ. ಅದೇ ಆ ದಿನ ಕೆಲಸಕ್ಕೆ ಬಂತು.

ಡಾರ್ಕ್‌ನೆಟ್ ಡೈರೀಸ್. ಜ್ಯಾಕ್ ರೈಸೈಡರ್ ಹೇಳುವ ಹ್ಯಾಕಿಂಗ್ ಕಥೆಗಳು. ಸ್ಟಕ್ಸ್‌ನೆಟ್ ಎಪಿಸೋಡಿಂದ ಶುರು ಮಾಡಿ. ಇರಾನಿನ ಸೆಂಟ್ರಿಫ್ಯೂಜ್‌ಗಳ ವೇಗ ಕೆಡಿಸಿದ ಆ ವೈರಸ್, ಆಪರೇಟರ್‌ಗಳಿಗೆ ಮಾತ್ರ ಎಲ್ಲ ಸರಿ ಇರುವ ರೀಡಿಂಗನ್ನೇ ತೋರಿಸ್ತಿತ್ತು. (ಇಲ್ಲೂ ಸುಳ್ಳು ರೀಡಿಂಗ್!)

ದಿ ಆಂಪ್ ಅವರ್. ಎಲೆಕ್ಟ್ರಾನಿಕ್ಸ್‌ನವರಿಗೆ. ಕ್ರಿಸ್ ಗ್ಯಾಮೆಲ್, ಡೇವ್ ಜೋನ್ಸ್ 2010ರಲ್ಲಿ ಶುರು ಮಾಡಿದ್ದು. ಸ್ಕ್ರಿಪ್ಟ್ ಇಲ್ಲದ ಹರಟೆ. ಮೊದಲು ಅರ್ಧ ಅರ್ಥ ಆಗಲ್ಲ, ಪರವಾಗಿಲ್ಲ. ಕೆಲಸದಲ್ಲಿರೋ ಇಂಜಿನಿಯರ್‌ಗಳು ಹೇಗೆ ಮಾತಾಡ್ತಾರೆ ಅಂತ ಕಿವಿಗೆ ಅಭ್ಯಾಸ ಆಗುತ್ತೆ.

ತಲೆ-ಹರಟೆ. ಇದು ಕನ್ನಡದ್ದೇ. ವಿಜ್ಞಾನ, ಅರ್ಥಶಾಸ್ತ್ರ, ಇತಿಹಾಸ ಎಲ್ಲದರ ಬಗ್ಗೆ ಮಾತುಕತೆ. ನನ್ನ ಥರ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ, ಗಂಭೀರ ವಿಷಯವನ್ನೂ ಕನ್ನಡದಲ್ಲಿ ಆರಾಮಾಗಿ ಮಾತಾಡಬಹುದು ಅನ್ನೋ ಧೈರ್ಯ ಕೊಡುತ್ತೆ.

ಎರಡು ಟಿಪ್ಸ್: ಇಂಗ್ಲಿಷ್ ಉಚ್ಚಾರಣೆ ಅರ್ಥ ಆಗದಿದ್ರೆ ಸ್ಪೀಡ್ 0.8ಕ್ಕೆ ಇಳಿಸಿ. ರಾತ್ರಿಯೇ ಹಾಸ್ಟೆಲ್ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮತ್ತೆ, ಪಾಡ್‌ಕಾಸ್ಟ್ ಕೇಳಿದ್ರೆ ಎಕ್ಸಾಂ ಪಾಸ್ ಆಗಲ್ಲ. ಪ್ರಾಬ್ಲಂಗಳನ್ನು ಕೂತು ಬಿಡಿಸಲೇಬೇಕು.

ಕಳೆದ ವಾರದ ಲ್ಯಾಬಲ್ಲಿ ಮತ್ತೆ ಔಟ್‌ಪುಟ್ ಬರಲಿಲ್ಲ. ಈ ಸಲ ಬಂದ ರೀಡಿಂಗನ್ನೇ ಬರೆದು, ಕೆಳಗೆ "ಕಾರಣ ಗೊತ್ತಾಗಲಿಲ್ಲ" ಅಂತ ಸೇರಿಸಿದೆ. ಮ್ಯಾಮ್ ಎರಡು ಮಾರ್ಕ್ಸ್ ಕಟ್ ಮಾಡಿದರು. ಆಮೇಲೆ ಹತ್ತು ನಿಮಿಷ ನಮ್ಮ ಟೇಬಲ್ ಹತ್ತಿರ ನಿಂತು ಒಂದೊಂದೇ ವೋಲ್ಟೇಜ್ ಅಳೆಸಿದರು. ಒಂದು ರೆಸಿಸ್ಟರ್‌ನ ಕಿತ್ತಳೆ ಪಟ್ಟಿಯನ್ನು ಕೆಂಪು ಅಂದುಕೊಂಡು 1 ಕಿಲೋ ಓಮ್ ಜಾಗದಲ್ಲಿ 10 ಕಿಲೋ ಓಮ್ ಹಾಕಿದ್ದೆವು.

ಹೋದ ಎರಡು ಮಾರ್ಕ್ಸ್ ಬಗ್ಗೆ ಬೇಜಾರಿಲ್ಲ. ಈ ಸಲ ಯಾಕೆ ಅಂತ ಗೊತ್ತಾಯ್ತಲ್ಲ.