ನಿಮಗಿದು ಗೊತ್ತೆ? ಕದಂಬರ ನಾಡಿನ ಓಟದ ಹಾದಿ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಿಂದ ಶಿಕಾರಿಪುರ ತಾಲ್ಲೂಕಿನ ತಾಳಗುಂದದವರೆಗಿನ ಸೀಮೆ ದೂರ ಓಡುವವರಿಗೆ ಹೇಳಿ ಮಾಡಿಸಿದಂಥದ್ದು. ಮಲೆನಾಡು ಇಲ್ಲಿ ಬಯಲಿನ ಕಡೆಗೆ ಇಳಿಯುತ್ತದೆ. ಗದ್ದೆ, ಅಡಿಕೆ ತೋಟ, ಕೆರೆ ಏರಿಗಳ ನಡುವೆ ಏರಿಳಿತ ಸೌಮ್ಯ.

ಕಠಿಣವಾದದ್ದು ಚಂದ್ರಗುತ್ತಿ ಬೆಟ್ಟ ಮಾತ್ರ. ಗುಹೆಯಲ್ಲಿರುವ ರೇಣುಕಾಂಬೆಯ ಗುಡಿ ದಾಟಿ ಮೇಲಿನ ಪಾಳುಕೋಟೆಗೆ ಹೋಗುವ ದಾರಿಯನ್ನು ಓಡುವುದಕ್ಕಿಂತ ಹತ್ತುವುದೇ ಸರಿ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಉತ್ತರಕ್ಕೆ, ವರದಾ ನದಿಯ ದಡದಲ್ಲಿ, ಕದಂಬರ ರಾಜಧಾನಿ ಬನವಾಸಿ ಮತ್ತು ಅಲ್ಲಿನ ಮಧುಕೇಶ್ವರ ದೇವಾಲಯ. ಆನವಟ್ಟಿ ಬಳಿಯ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವಿದೆ.

ಅತ್ಯಂತ ಸಮೃದ್ಧವಾದದ್ದು ಬಳ್ಳಿಗಾವಿ–ತಾಳಗುಂದದ ತುಣುಕು. ಎರಡೂ ಊರುಗಳ ನಡುವೆ ಕೆಲವೇ ಕಿಲೋಮೀಟರ್. ಹೊಸದಾಗಿ ಓಟ ಆರಂಭಿಸಿದವರಿಗೂ ನಿಲುಕುವ ದೂರ. ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ 1047ರ ಗಂಡಭೇರುಂಡ ಸ್ತಂಭವೂ ಇವೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕುಬ್ಜನೆಂಬ ಕವಿ ರಚಿಸಿದ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ವಿದ್ಯೆ ಅರಸಿ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಅವಮಾನಗೊಂಡು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದನ್ನೂ, ಅದೇ ವಂಶದ ಅರಸ ಕಾಕುಸ್ಥವರ್ಮ ತಾಳಗುಂದದಲ್ಲಿ ಕೆರೆ ತೋಡಿಸಿದ್ದನ್ನೂ ಅದು ಹೇಳುತ್ತದೆ. ಓಟ ನಿಲ್ಲಿಸಿ ನೋಡಲೇಬೇಕಾದ ಕಂಬವಿದು.

ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗುಗಳು ಓಟಕ್ಕೆ ಅನುಕೂಲ. ಊರಿಂದೂರಿಗೆ ನೀರು ಜೊತೆಗಿರಲಿ.