ಕೆಮಿಸ್ಟ್, ಸಾವಯವ, ಬಯೋಮೆಡಿಕಲ್, ಪ್ಲೇಸ್‌ಮೆಂಟ್: ನಾಲ್ಕು ಪದಗಳು ಹುಟ್ಟಿಸಿದ ತಪ್ಪು ಕಲ್ಪನೆಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳ ಮುಂದಿನ ಓದನ್ನು ಮನೆಯವರು ಗೊತ್ತುಮಾಡುವಾಗ ನೀಟ್ ಮತ್ತು ಸಿಇಟಿ ರ‍್ಯಾಂಕುಗಳ ಲೆಕ್ಕವೇ ಮೊದಲು ಬರುತ್ತದೆ. ಆ ಲೆಕ್ಕ ಕೈಗೂಡದಿದ್ದಾಗ ಮಾತ್ರ ಬಿ.ಎಸ್‌ಸಿ.ಯ ಮಾತು ಏಳುತ್ತದೆ. ರಸಾಯನಶಾಸ್ತ್ರದ ಜೊತೆಗೆ ಜೀವವೈದ್ಯಕೀಯ ವಿಜ್ಞಾನವನ್ನು, ಎಂದರೆ ಆರೋಗ್ಯ ಮತ್ತು ರೋಗಗಳನ್ನು ಜೀವಕೋಶ ಹಾಗೂ ಅಣುಗಳ ಮಟ್ಟದಲ್ಲಿ ಅಭ್ಯಸಿಸುವ ಶಾಸ್ತ್ರವನ್ನು ಓದಿ, ಪದವಿಯ ನಡುವೆ ಒಂದು ಇಡೀ ವರ್ಷವನ್ನು ಔಷಧ ಅಥವಾ ರಾಸಾಯನಿಕ ಉದ್ಯಮದಲ್ಲಿ ಕಳೆಯುವ ಶಿಕ್ಷಣಕ್ರಮವು ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಒಂದೇ ಪದವಿಯಾಗಿ ದೊರೆಯುತ್ತದೆ. ಕರ್ನಾಟಕದ ವಿದ್ಯಾರ್ಥಿ ಅದೇ ಓದನ್ನು ಬಿಡಿಬಿಡಿಯಾಗಿ ಕೂಡಿಸಿಕೊಳ್ಳಬೇಕಾಗುತ್ತದೆ: ಸಿಬಿಝಡ್ ಎಂದು ಕರೆಯುವ ರಸಾಯನ, ಸಸ್ಯ ಮತ್ತು ಪ್ರಾಣಿಶಾಸ್ತ್ರಗಳ ಜೋಡಣೆ ಇಲ್ಲವೆ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳ ಜೋಡಣೆಯ ಬಿ.ಎಸ್‌ಸಿ. ಒಂದು ಕಡೆ, ಅದಕ್ಕೆ ಹೊಂದುವ ಅಪ್ರೆಂಟಿಸ್ ತರಬೇತಿ ಇನ್ನೊಂದು ಕಡೆ. ಈ ಓದಿನ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳಲ್ಲಿ ಬಹುಪಾಲು, ಒಂದೇ ಪದವು ಅಂಗಡಿಯಲ್ಲಿ ಒಂದು ಅರ್ಥದಲ್ಲಿ, ಪ್ರಯೋಗಾಲಯದಲ್ಲಿ ಇನ್ನೊಂದು ಅರ್ಥದಲ್ಲಿ ಬಳಕೆಯಾಗುವುದರಿಂದ ಹುಟ್ಟಿದವು. ಆದ್ದರಿಂದ ಆ ಪದಗಳನ್ನೇ ಹಿಡಿದು ವಿಚಾರಿಸುವುದು ಸೂಕ್ತ.

“ಕೆಮಿಸ್ಟ್ರಿ ಕಲಿತ್ರ ಮೆಡಿಕಲ್ ಅಂಗಡಿ ಹಾಕಬಹುದು”

ಔಷಧ ಅಂಗಡಿಗಳ ಫಲಕದ ಮೇಲಿನ ‘ಕೆಮಿಸ್ಟ್ ಅಂಡ್ ಡ್ರಗಿಸ್ಟ್’ ಎಂಬ ಬರಹವೇ ಈ ನಂಬಿಕೆಯ ಬೇರು. ಇಂಗ್ಲೆಂಡಿನಿಂದ ಬಂದ ಆ ಬಳಕೆಯಲ್ಲಿ ಕೆಮಿಸ್ಟ್ ಎಂದರೆ ಔಷಧವನ್ನು ಕೊಡುವವನು. ಚಿಲ್ಲರೆ ಔಷಧ ಅಂಗಡಿಯಲ್ಲಿ ವೈದ್ಯರ ಚೀಟಿ ನೋಡಿ ಔಷಧ ಕೊಡಲು ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. 1948ರ ಫಾರ್ಮಸಿ ಕಾಯ್ದೆಯಡಿ ಆಗುವ ಆ ನೋಂದಣಿಗೆ ಡಿ.ಫಾರ್ಮ್, ಬಿ.ಫಾರ್ಮ್‌ನಂತಹ ಫಾರ್ಮಸಿ ಶಿಕ್ಷಣ ಬೇಕು, ರಸಾಯನಶಾಸ್ತ್ರದ ಪದವಿ ಎಷ್ಟೇ ಉತ್ತಮ ಶ್ರೇಣಿಯದಾದರೂ ಅದಕ್ಕೆ ಸಾಲದು. ಆದರೆ ಕಾನೂನು ರಸಾಯನಶಾಸ್ತ್ರದ ಪದವೀಧರನನ್ನು ಅಂಗಡಿಯಿಂದ ಹೊರಗಿಟ್ಟಿತೇ ಹೊರತು ಕಾರ್ಖಾನೆಯಿಂದಲ್ಲ. ಔಷಧ ತಯಾರಿಕೆಯ ಮೇಲ್ವಿಚಾರಣೆ ನಡೆಸುವ ಅರ್ಹ ತಾಂತ್ರಿಕ ಸಿಬ್ಬಂದಿ ಯಾರಾಗಬಹುದು ಎಂದು ಹೇಳುವ 1945ರ ಔಷಧ ನಿಯಮಗಳು, ಫಾರ್ಮಸಿ ಪದವೀಧರರ ಜೊತೆಯಲ್ಲೇ, ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ ಪದವಿಯ ನಂತರ ಔಷಧ ತಯಾರಿಕೆಯಲ್ಲಿ ಕನಿಷ್ಠ 3 ವರ್ಷಗಳ ಅನುಭವ ಪಡೆದ ವಿಜ್ಞಾನ ಪದವೀಧರರನ್ನೂ ಹೆಸರಿಸುತ್ತವೆ. ಬಿ.ಎಸ್‌ಸಿ. ಆದಮೇಲೆ ಬಿ.ಎಡ್. ಒಂದೇ ಗತಿ ಎಂದು ನಂಬಿದ ಊರುಗಳಲ್ಲಿ ಈ ಒಂದು ನಿಯಮವನ್ನಾದರೂ ಕಾಲೇಜಿನ ಸೂಚನಾಫಲಕದಲ್ಲಿ ಹಚ್ಚಬೇಕು.

“ಸಾವಯವ ಅಂದ್ರ ಕೆಮಿಕಲ್ ಇಲ್ಲದ್ದು”

ಕನ್ನಡದ ವಿದ್ಯಾರ್ಥಿಗೆ ಇದರಷ್ಟು ತೊಡಕಿನ ಪದ ಇನ್ನೊಂದಿಲ್ಲ. ಕೃಷಿ ಇಲಾಖೆಯ ಮಾತಿನಲ್ಲಿ ಸಾವಯವ ಎಂದರೆ ಕಾರ್ಖಾನೆಯ ಗೊಬ್ಬರ ಮತ್ತು ಕೀಟನಾಶಕಗಳನ್ನು ಬಳಸದ ಬೇಸಾಯ. ಪಠ್ಯಪುಸ್ತಕದಲ್ಲಿ ಸಾವಯವ ರಸಾಯನಶಾಸ್ತ್ರ ಎಂದರೆ ಇಂಗಾಲದ ಸಂಯುಕ್ತಗಳ ಅಧ್ಯಯನ. ಈ ಎರಡನೆಯ ಅರ್ಥದಲ್ಲಿ ಸಾವಯವ ಬೇಸಾಯಗಾರ ದೂರವಿಡುವ ಕೀಟನಾಶಕಗಳಲ್ಲಿ ಬಹುಪಾಲು ಸಾವಯವ ಸಂಯುಕ್ತಗಳೇ, ಸವಣೂರಿನ ಎಲೆಬಳ್ಳಿಯ ವೀಳ್ಯದೆಲೆಗೆ ಘಮ ಕೊಡುವ ಯೂಜಿನಾಲ್ ಕೂಡ ಅಷ್ಟೇ ಸಾವಯವ, ಮತ್ತು ಅದೂ ರಾಸಾಯನಿಕವೇ. ಗಿಡದಲ್ಲಿ ಹುಟ್ಟಿದ್ದಕ್ಕೆ ಒಂದು ರಸಾಯನ, ಕಾರ್ಖಾನೆಯಲ್ಲಿ ಹುಟ್ಟಿದ್ದಕ್ಕೆ ಇನ್ನೊಂದು ರಸಾಯನ ಎಂಬುದಿಲ್ಲ.

ಇದನ್ನು ತಿಳಿಯಲು ಯೂರಿಯಾದಷ್ಟು ಹತ್ತಿರದ ಉದಾಹರಣೆ ಬೇರೆ ಬೇಡ. ಹಿರೇಕೆರೂರಿನ ಗೋವಿನಜೋಳದ ಹೊಲಕ್ಕೆ ಬೀಳುವ 45 ಕಿಲೋ ಚೀಲದ ಬಿಳಿ ಹರಳೂ, ದವಾಖಾನೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ‘ಬ್ಲಡ್ ಯೂರಿಯಾ’ ಎಂಬ ಸಾಲಿನೆದುರು ಕಾಣುವ ವಸ್ತುವೂ ಒಂದೇ ಅಣು. ಅದು ಮೂತ್ರದಿಂದ ಮಾತ್ರ ದೊರೆಯುತ್ತದೆ, ಜೀವಿಯ ಹೊರಗೆ ತಯಾರಾಗದು ಎಂದು ನಂಬಿದ್ದ ಕಾಲದಲ್ಲಿ, 1828ರಲ್ಲಿ, ಜರ್ಮನಿಯ ಫ್ರೆಡ್ರಿಕ್ ವೋಲರ್ ನಿರ್ಜೀವ ಲವಣಗಳಿಂದಲೇ ಅದನ್ನು ತಯಾರಿಸಿದ. ಸಾವಯವ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಅದು ಮುಖ್ಯ ತಿರುವು. ದೇಹವು ಪ್ರೋಟೀನುಗಳನ್ನು ಒಡೆದಾಗ ಉಳಿಯುವ ಸಾರಜನಕವನ್ನು ಯಕೃತ್ತು ಯೂರಿಯಾ ಆಗಿಸುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹೊಲದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ, ಎಂದರೆ ರಾಸಾಯನಿಕ ಕ್ರಿಯೆಯನ್ನು ವೇಗಗೊಳಿಸುವ ಪ್ರೋಟೀನಿನಿಂದ, ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ರೋಗಪರೀಕ್ಷಾ ಪ್ರಯೋಗಾಲಯದಲ್ಲಿಯೂ ಅದೇ ಕಿಣ್ವವನ್ನು ರಕ್ತದ ದ್ರವಾಂಶಕ್ಕೆ ಸೇರಿಸಿ, ಹುಟ್ಟುವ ಅಮೋನಿಯಾವನ್ನು ಇನ್ನೊಂದು ಕಿಣ್ವದ ಕ್ರಿಯೆಗೆ ಒಳಪಡಿಸಿ, 340 ನ್ಯಾನೋಮೀಟರ್ ತರಂಗಾಂತರದ ಬೆಳಕು ಹೀರುವಿಕೆ ಎಷ್ಟು ಇಳಿಯಿತು ಎಂಬುದರಿಂದ ಯೂರಿಯಾದ ಪ್ರಮಾಣ ತಿಳಿಯುತ್ತಾರೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಕಾಳಿನಿಂದ ಈ ಯೂರಿಯೇಸನ್ನು ಹರಳಾಗಿಸಿ, ಕಿಣ್ವವೊಂದನ್ನು ಹರಳು ರೂಪದಲ್ಲಿ ಪಡೆದ ಮೊದಲಿಗನಾದ, 1946ರಲ್ಲಿ ನೊಬೆಲ್ ಪಡೆದ.

ಈ ಕಿಣ್ವ ಹುರುಳಿಯಲ್ಲಿಯೂ ಇದೆ. ಹಸಿ ಹುರುಳಿಯ ಹಿಟ್ಟನ್ನು ನೀರಿನಲ್ಲಿ ಕದಡಿ, ಸೋಸಿ, ಅದಕ್ಕೆ ಯೂರಿಯಾ ದ್ರಾವಣವನ್ನೂ ಎರಡು ಹನಿ ಫಿನಾಫ್ತಲೀನನ್ನೂ ಹಾಕಿಟ್ಟರೆ, ಬಣ್ಣವಿಲ್ಲದ ದ್ರವ ನಿಧಾನವಾಗಿ ಗುಲಾಬಿಗೆ ತಿರುಗುತ್ತದೆ. ಅಮೋನಿಯಾ ಪ್ರತ್ಯಾಮ್ಲ, ಪ್ರತ್ಯಾಮ್ಲದಲ್ಲಿ ಫಿನಾಫ್ತಲೀನ್ ಗುಲಾಬಿಯಾಗುತ್ತದೆ, ಅದಕ್ಕೇ ಹಾಗಾಗುತ್ತದೆ. ಕುದಿಸಿದ ಹುರುಳಿ ಕಟ್ಟಿನಿಂದ ಹೀಗಾಗದು, ಏಕೆಂದರೆ ಕುದಿತದಲ್ಲಿ ಕಿಣ್ವ ಕೆಡುತ್ತದೆ. ರಸಾಯನಶಾಸ್ತ್ರವನ್ನೂ ಜೀವವೈದ್ಯಕೀಯವನ್ನೂ ಒಟ್ಟಿಗೆ ಓದುವುದರ ಅರ್ಥ ಈ ಒಂದು ಲೋಟದಲ್ಲಿ ಪೂರ್ತಿಯಾಗಿ ಕಾಣುತ್ತದೆ, ಮತ್ತು ಇದಕ್ಕೆ ಬೇಕಾದ ಸಾಮಾನುಗಳಲ್ಲಿ ಎರಡು ರೈತನ ಮನೆಯಲ್ಲೇ ಇರುತ್ತವೆ.

“ಬಯೋಮೆಡಿಕಲ್ ಓದಿದವರು ಅರ್ಧ ಡಾಕ್ಟರ್”

ಆಸ್ಪತ್ರೆಯ ಹಳದಿ, ಕೆಂಪು ಡಬ್ಬಿಗಳ ಮೇಲಿನ ‘ಬಯೋಮೆಡಿಕಲ್ ತ್ಯಾಜ್ಯ’, ಎಕ್ಸ್-ರೇ ಯಂತ್ರವನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್, ರೋಗದ ಅಣುಮೂಲವನ್ನು ಹುಡುಕುವ ಬಯೋಮೆಡಿಕಲ್ ವಿಜ್ಞಾನಿ, ಈ ಮೂರಕ್ಕೂ ಪದ ಒಂದೇ ಆದರೂ ಅರ್ಥ ಬೇರೆ ಬೇರೆ. ಆ ಎಂಜಿನಿಯರಿಗಾಗಲಿ ವಿಜ್ಞಾನಿಗಾಗಲಿ ರೋಗಿಗೆ ಔಷಧ ಬರೆಯುವ ಅಧಿಕಾರ ಇಲ್ಲ. ನೀಟ್‌ನಲ್ಲಿ ಸೀಟು ಸಿಗದ ಮಗುವಿಗೆ ಇದು ಹಿಂಬಾಗಿಲ ವೈದ್ಯಪದವಿ ಎಂದು ಹೇಳಿ ಸೇರಿಸುವುದು ಆ ಮಗುವಿಗೆ ಮಾಡುವ ಅನ್ಯಾಯ. ಚಿಕಿತ್ಸೆಯ ಹಂಬಲ ಇರುವವರು ಬೇರೆ ದಾರಿ ಹಿಡಿಯಬೇಕು. ಔಷಧ ಏಕೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಇರುವವರಿಗೆ ಈ ಓದು.

“ಪ್ಲೇಸ್‌ಮೆಂಟ್ ಅಂದ್ರ ನೌಕರಿ”

ಕರ್ನಾಟಕದ ಕಾಲೇಜುಗಳ ಜಾಹೀರಾತುಗಳಲ್ಲಿ ಪ್ಲೇಸ್‌ಮೆಂಟ್ ಎಂದರೆ ಓದು ಮುಗಿಯುವ ಹೊತ್ತಿಗೆ ಕಂಪನಿಗಳು ಬಂದು ಮಾಡಿಕೊಳ್ಳುವ ನೇಮಕ. ಬ್ರಿಟನ್ನಿನ ಪದವಿಯ ಹೆಸರಿನಲ್ಲಿ ಬರುವ ‘ಪ್ಲೇಸ್‌ಮೆಂಟ್ ವರ್ಷ’ ಅದಲ್ಲ. ಅದು ಓದಿನ ಒಳಗಿನ ತರಬೇತಿಯ ವರ್ಷ, ಅದನ್ನು ಮುಗಿಸಿ ವಿದ್ಯಾರ್ಥಿ ಕೊನೆಯ ವರ್ಷದ ತರಗತಿಗೆ ಮರಳುತ್ತಾನೆ. ಎರಡು ಓದಿನ ನಡುವೆ ಕೆಲಸ ಸೇರಿರುವುದರಿಂದ ಇದಕ್ಕೆ ಸ್ಯಾಂಡ್‌ವಿಚ್ ಕೋರ್ಸ್ ಎಂಬ ಹೆಸರೂ ಇದೆ. ಇಂಗ್ಲೆಂಡಿನ ಸಂಡರ್ಲೆಂಡ್ ತಾಂತ್ರಿಕ ಕಾಲೇಜಿನಲ್ಲಿ 1903ರಲ್ಲಿ, ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಇಂತಹ ಕ್ರಮ ಬಂದಿತು. ಭಾರತದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಎಂಬ ಹೆಸರಿನಲ್ಲಿ ಇದನ್ನು ನೆಲೆಗೊಳಿಸಿತು. ಆದ್ದರಿಂದ ಇದು ಹೊರದೇಶದವರಿಗೆ ಮಾತ್ರ ದಕ್ಕುವ ವಿದ್ಯೆ ಎಂಬ ಮಾತೂ ನಿಲ್ಲುವುದಿಲ್ಲ.

ಸಾಮಾನ್ಯ ಪದವಿಯವರಿಗೆ ಈ ಅವಕಾಶ ತಡವಾಗಿ ಬಂದಿತೆಂಬುದು ನಿಜ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರು ಸೇರಿದರು, ಬಿ.ಎಸ್‌ಸಿ.ಯಂತಹ ಪದವಿಯವರಿಗೆ 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು, 2020ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿಯೊಳಗೇ ಅಪ್ರೆಂಟಿಸ್ ತರಬೇತಿಯನ್ನು ಹೆಣೆಯುವ ಮಾರ್ಗಸೂಚಿ ಹೊರಡಿಸಿತು. ಒಂದು ವರ್ಷ ಬಿಟ್ಟಿ ದುಡಿಮೆ ಎಂಬ ಅಂಜಿಕೆಗೂ ಕಾನೂನಿನಲ್ಲಿ ಉತ್ತರ ಇದೆ: 2019ರ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆ ಗೊತ್ತುಮಾಡಿದವು, ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಆ ಕನಿಷ್ಠ ಭತ್ಯೆಯ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ಏರ್ಪಾಡಾಯಿತು. ಹಾನಗಲ್ಲದಿಂದ ಬೆಂಗಳೂರಿಗೆ ಹೋಗಿ ಕೋಣೆ ಹಿಡಿಯುವ ಮಗುವಿಗೆ ಆ ಮೊತ್ತ ಸಾಲುವುದಿಲ್ಲ ಎಂಬುದನ್ನು ಮರೆಮಾಚಬಾರದು. ಬಡ ಮನೆಯ ಮಕ್ಕಳು ಈ ದಾರಿಯಿಂದ ಹಿಂಜರಿಯಲು ಬೌದ್ಧಿಕ ಕೊರತೆಗಿಂತ ಬಾಡಿಗೆ ಮತ್ತು ಊಟದ ಖರ್ಚೇ ದೊಡ್ಡ ಕಾರಣ. ಹಾಗೆಯೇ, ತರಬೇತಿ ಮುಗಿದ ಮೇಲೆ ಅಲ್ಲೇ ಕಾಯಂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬಾರದು, ಏಕೆಂದರೆ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಅವನನ್ನು ನೇಮಿಸಿಕೊಳ್ಳುವ ನೀತಿ ಆಯಾ ಉದ್ಯಮಕ್ಕೆ ಬಿಟ್ಟದ್ದು.

ಮೂರು ದಿನದ ಕಾರ್ಖಾನೆ ಭೇಟಿಯ ಪ್ರಮಾಣಪತ್ರ ಈ ತರಬೇತಿಯ ವರ್ಷಕ್ಕೆ ಸಮನಾಗದು. ಔಷಧ ಉದ್ಯಮದ ಗುಣಪರೀಕ್ಷಾ ವಿಭಾಗಕ್ಕೆ ಬಂದ ತರಬೇತಿಯವನು ತಿಂಗಳುಗಟ್ಟಲೆ ಮಾಡುವ ಕೆಲಸ ಹೊರಗಿನವರಿಗೆ ನೀರಸವಾಗಿ ಕಂಡೀತು: ಬಂದ ಕಚ್ಚಾವಸ್ತುವಿನ ಪ್ರತಿ ಸರಕಿನಿಂದ ಮಾದರಿ ತೆಗೆಯುವುದು, ತೂಗುವುದು, ಕರಗಿಸುವುದು, ಅದು ಹೆಸರಿನಲ್ಲಿರುವ ವಸ್ತುವೇ ಹೌದೇ ಎಂದು ಖಚಿತಪಡಿಸುವುದು. ಈ ಕೆಲಸದ ಬೆಲೆ ತಿಳಿಯಲು 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ನೆನೆಯಬೇಕು. ಔಷಧವೆಂದು ಕೊಟ್ಟ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದರಿಂದ 14 ರೋಗಿಗಳು ಮೂತ್ರಪಿಂಡ ಕೆಟ್ಟು ಸತ್ತರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿತು. ಎರಡೂ ದ್ರವಗಳು ಬಣ್ಣವಿಲ್ಲದವು, ಎರಡೂ ಸಿಹಿ, ಎರಡೂ ದಪ್ಪ. ಕಣ್ಣಿಗೆ ತಿಳಿಯದ ಅವುಗಳ ಭೇದವನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು.

“ನಮ್ಮ ಕಡೆ ಇದಕ್ಕ ಕೆಲಸ ಎಲ್ಲೈತಿ?”

ಔಷಧ ಉದ್ಯಮ ಬೆಂಗಳೂರಿನ ಸುತ್ತ ನೆರೆದಿರುವುದು ಸತ್ಯ. ಆದರೆ ಹಾವೇರಿ ಜಿಲ್ಲೆಯಲ್ಲಿಯೇ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣಂನಲ್ಲಿ, ಮರದ ತಿರುಳಿನಿಂದ ವಿಸ್ಕೋಸ್ ನಾರು ತೆಗೆಯುವ ದೊಡ್ಡ ರಾಸಾಯನಿಕ ಉದ್ಯಮ ಇದೆ. ಈ ತಾಲ್ಲೂಕುಗಳಿಗೆ ನೆರೆಯದಾದ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು; ಅದರ ಬೆಲೆ ಖಾರಕ್ಕಿಂತ ಬಣ್ಣವನ್ನು ಅನುಸರಿಸುತ್ತದೆ, ಬಣ್ಣವನ್ನು ಕಣ್ಣಳತೆಯಲ್ಲಿ ಹೇಳುವುದು ದಲಾಲಿ ಅಂಗಡಿಯ ರೂಢಿಯಾದರೆ, ರಫ್ತಿನ ವ್ಯವಹಾರಕ್ಕೆ ಅಸ್ಟಾ ಎಂಬ ಅಳತೆ ಬೇಕು. ಪುಡಿಯನ್ನು ಅಸಿಟೋನಿನಲ್ಲಿ ಹಾಕಿ, 16 ಗಂಟೆ ಕತ್ತಲಲ್ಲಿಟ್ಟು, 460 ನ್ಯಾನೋಮೀಟರ್ ಬೆಳಕನ್ನು ಆ ದ್ರಾವಣ ಎಷ್ಟು ಹೀರುತ್ತದೆ ಎಂದು ನೋಡುತ್ತಾರೆ. ರಕ್ತದ ಯೂರಿಯಾ ಅಳೆದದ್ದೂ ಇದೇ ತತ್ವದಿಂದ, ಇದೇ ಜಾತಿಯ ಯಂತ್ರದಿಂದ. ತರಂಗಾಂತರದ ಅಂಕಿ ಮಾತ್ರ ಬದಲು. ಬೆಂಗಳೂರಿನಲ್ಲಿ 1978ರಲ್ಲಿ ಆರಂಭವಾದ ಬಯೋಕಾನ್ ಮೊದಲು ತಯಾರಿಸಿದ ವಸ್ತುಗಳಲ್ಲೊಂದು ಪಪ್ಪಾಯಿಯ ಹಾಲಿನಿಂದ ತೆಗೆದ ಪಪೈನ್ ಕಿಣ್ವ ಎಂಬುದನ್ನೂ, ಹೊಲಕ್ಕೂ ಔಷಧಕ್ಕೂ ಸಂಬಂಧವೇ ಇಲ್ಲ ಎನ್ನುವವರು ಗಮನಿಸಬೇಕು.

“ಕನ್ನಡ ಮಾಧ್ಯಮದವರಿಗೆ ಆಗೂದಿಲ್ಲ”

ಬಿ.ಎಸ್‌ಸಿ. ಪಾಠ ಮತ್ತು ಉದ್ಯಮದ ದಾಖಲೆ ಇಂಗ್ಲಿಷಿನಲ್ಲಿರುವುದರಿಂದ ಮೊದಲ ವರ್ಷ ಕಷ್ಟವಾಗುತ್ತದೆ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಫಿನಾಫ್ತಲೀನ್, ಯೂರಿಯೇಸ್ ಎಂಬ ಪದಗಳು ಇಂಗ್ಲಿಷ್ ಮಾಧ್ಯಮದ ಮಗುವಿಗೂ ಅಷ್ಟೇ ಹೊಸವು, ಮತ್ತು ಪ್ರಯೋಗಾಲಯ ಬೇಡುವ ಭಾಷೆ ಅಲಂಕಾರದ್ದಲ್ಲ, ಚಿಕ್ಕ ವಾಕ್ಯಗಳದ್ದು: ಎಷ್ಟು ತೂಗಿದೆ, ಎಷ್ಟು ಹೊತ್ತಿಗೆ, ಯಾರು, ಯಾವ ಯಂತ್ರದಲ್ಲಿ. ಅಲ್ಲಿ ಕಲಿಯಬೇಕಾದ ಮೊದಲ ಶಿಸ್ತಿಗೆ ಯಾವ ಮಾಧ್ಯಮವೂ ಬೇಡ. ದಾಖಲೆ ಪುಸ್ತಕದಲ್ಲಿ ಅಂಕಿ ತಪ್ಪಿದರೆ ಬಿಳಿ ಬಣ್ಣ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ, ಅಂಕಿಯ ಮೇಲೆ ಅಂಕಿ ತಿದ್ದುವಂತಿಲ್ಲ. ತಪ್ಪಿದ್ದು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ, ಕಾರಣ, ಸಹಿ ಮತ್ತು ದಿನಾಂಕ ಬರೆಯಬೇಕು.