ಕಾಡಂಚಿನ ಮಗುವೂ ಕಾಲು ಮಿಲಿಗ್ರಾಮ್ ಮದ್ದೂ

ಗುಂಡ್ಲುಪೇಟೆಯಿಂದ ದಕ್ಷಿಣಾಭಿಮುಖವಾಗಿ ಹಂಗಳವನ್ನು ದಾಟಿ ಬಂಡೀಪುರದ ಕಡೆಗೆ ಸಾಗುವ ಪ್ರಯಾಣಿಕನಿಗೆ ಹಗಲಿನಲ್ಲಿ ಕಾಣಸಿಗುವುದು ಸೂರ್ಯಕಾಂತಿ, ಚೆಂಡುಹೂ, ಅರಿಸಿನಗಳ ಹೊಲ. ಆ ಹೊಲಗಳಿಗೆ ಇರುಳಿನಲ್ಲಿ ಬೇರೊಂದು ಬದುಕುಂಟೆಂಬುದು ಅಲ್ಲಿಯೇ ನೆಲೆಸಿದವರಿಗೆ ಗೊತ್ತು. ಕಾವಲಿನ ಅಟ್ಟಣೆಯಿಂದ ಕೂಗು ಕೇಳಿಸುತ್ತದೆ, ತಮಟೆ ಬಡಿಯುತ್ತಾರೆ, ಆನೆ ಕಂದಕವನ್ನು ದಾಟಿ ಬಂದಿತೆಂದರೆ ಒಂದರ ಹಿಂದೊಂದು ಪಟಾಕಿ ಸಿಡಿಯುತ್ತದೆ. ಊರಿನ ಮಕ್ಕಳು ಅಷ್ಟಕ್ಕೆ ಮಗ್ಗುಲು ಬದಲಿಸಿ ಮತ್ತೆ ನಿದ್ರೆಹೋಗುವರು. ಆದರೆ ಸ್ವಲೀನತೆಯುಳ್ಳ, ಎಂದರೆ ಆಟಿಸಂ ಉಳ್ಳ ಮಗುವೊಂದು ಆ ಮನೆಯಲ್ಲಿದ್ದು, ಅನೇಕ ಸ್ವಲೀನ ಮಕ್ಕಳಂತೆ ಅದಕ್ಕೂ ಶಬ್ದವೆಂಬುದು ಅಸಹನೀಯವಾಗಿದ್ದ ಪಕ್ಷದಲ್ಲಿ, ಅದು ಎದ್ದು ಕುಳಿತು ಎರಡು ಕಿವಿಗಳನ್ನೂ ಅಂಗೈಯಿಂದ ಒತ್ತಿಹಿಡಿದು, ಸಂಕಟ ಮಿತಿಮೀರಿದಾಗ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತದೆ. ತಡೆಯಹೋದ ತಾಯಿಯ ಮುಂಗೈಯಲ್ಲಿ ಹಲ್ಲಿನ ಗುರುತು ಮೂಡುತ್ತದೆ. ಇಂತಹ ಹತ್ತಾರು ರಾತ್ರಿಗಳನ್ನು ಕಳೆದ ಮೇಲೆ ಆಕೆ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, "ಸಾ, ಮೊಗ ರಾತ್ರಿಯೆಲ್ಲ ಮಲ್ಗದೇ ಇಲ್ಲ, ಏನಾರ ಮಾತ್ರೆ ಕೊಡಿ" ಎಂದು ಬೇಡಿದರೆ ಅದು ಅತ್ಯಂತ ನ್ಯಾಯವಾದ ಬೇಡಿಕೆ. ಅದಕ್ಕೆ ವಿಜ್ಞಾನವು ಕೊಡಬಲ್ಲ ಉತ್ತರ ಮಾತ್ರ ಹೌದು, ಅಲ್ಲ ಎಂಬೆರಡು ಮಾತುಗಳಲ್ಲಿ ಮುಗಿಯತಕ್ಕದ್ದಲ್ಲ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೂ ಸ್ವಲೀನತೆಯನ್ನು ಹೋಗಲಾಡಿಸುವ ಔಷಧವೊಂದು ದೊರೆತಿಲ್ಲ. ಅದು ಮಿದುಳಿನ ಬೆಳವಣಿಗೆಯ ಕ್ರಮದಲ್ಲಿಯೇ ಇರತಕ್ಕ ಭೇದವಾದ್ದರಿಂದ, ಜ್ವರವನ್ನು ಇಳಿಸುವಂತೆ ಅದನ್ನು ಇಳಿಸುವುದು ಸಾಧ್ಯವಿಲ್ಲ. ಈ ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳಿತು. ಪೂರ್ತಿ ವಾಸಿಮಾಡುತ್ತೇವೆಂದು ಹಣ ಕೀಳುವವರಿಗೆ ಎಲ್ಲಿಯೂ ಕೊರತೆಯಿಲ್ಲ. ಮದ್ದು ಇರುವುದು ಸ್ವಲೀನತೆಗಲ್ಲ, ಅದರ ಜೊತೆಗೆ ಕೆಲವು ಮಕ್ಕಳಲ್ಲಿ ಕಾಣಬರುವ ಉಗ್ರವಾದ ಸಿಡುಕು, ಇತರರ ಮೇಲೆ ಏರಿಹೋಗುವಿಕೆ, ಆತ್ಮಹಿಂಸೆ ಇವುಗಳಿಗೆ.

ಈ ಮದ್ದುಗಳ ಪೂರ್ವಚರಿತ್ರೆಯಲ್ಲಿ ನಮ್ಮ ದೇಶದ ಗಿಡವೊಂದಕ್ಕೆ ಗೌರವದ ಸ್ಥಾನವುಂಟು. ಚಿತ್ತಭ್ರಮೆಗೂ ನಿದ್ರಾಹೀನತೆಗೂ ನಾಟಿವೈದ್ಯರು ಕೊಡುತ್ತಿದ್ದ ಸರ್ಪಗಂಧದ ಬೇರನ್ನು ಕುರಿತು 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ಇಬ್ಬರು ವೈದ್ಯರು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನ ಸಾರವಾದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕೆಲವು ವರ್ಷಗಳ ತರುವಾಯ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟು ನೋಡಿದಾಗ ಅವು ಕಿವಿ ಜೋಲಿಸಿಕೊಂಡು, ಎಚ್ಚರವಿದ್ದೂ ಅಲುಗಾಡದೆ ಕುಳಿತುಬಿಟ್ಟವು. ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಓಡಾಡತೊಡಗಿದವು. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕಕ್ಕೆ ಸ್ವತಂತ್ರವಾದ ಕಾರ್ಯವುಂಟೆಂಬ ಅರಿವು ಈ ಮಾರ್ಗದಿಂದ ಬಂದಿತು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ರಿಸರ್ಪಿನ್ ಡೋಪಮೀನಿನ ಸಂಗ್ರಹವನ್ನೇ ಬರಿದುಮಾಡುತ್ತದೆ. ಇಂದು ಸ್ವಲೀನ ಮಕ್ಕಳಿಗೆ ಕೊಡುವ ರಿಸ್ಪೆರಿಡೋನ್ ಹಾಗೆ ಮಾಡದೆ, ಡೋಪಮೀನ್ ಹಾಗೂ ಸೆರೊಟೋನಿನ್‌ಗಳು ಬಂದು ಕೂಡತಕ್ಕ ಗ್ರಾಹಕಗಳನ್ನು ತಾನೇ ಆಕ್ರಮಿಸಿ ಅವುಗಳ ಪ್ರಭಾವವನ್ನು ತಗ್ಗಿಸುತ್ತದೆ. ಹೆಸರುಗಳಲ್ಲಿ ಹೋಲಿಕೆಯಿದ್ದರೂ ಇವೆರಡೂ ಬಂಧುಗಳಲ್ಲ. ಆ ಮೊಲಗಳನ್ನು ಮಾತ್ರ ಔಷಧದ ಚೀಟಿ ಬರೆಯುವವರೂ ಬರೆಸಿಕೊಳ್ಳುವವರೂ ನೆನಪಿನಲ್ಲಿಟ್ಟುಕೊಳ್ಳಬೇಕು; ಏಕೆಂದರೆ ಶಾಂತವಾಗಿರುವ ಮಗುವಿಗೂ ಮದ್ದಿನ ಮಂಪರಿನಲ್ಲಿ ನಿಶ್ಚಲವಾಗಿ ಕುಳಿತ ಮಗುವಿಗೂ ಇರುವ ಅಂತರವು ದೂರದಿಂದ ನೋಡಿದರೆ ತಿಳಿಯುವುದಿಲ್ಲ.

ರಿಸ್ಪೆರಿಡೋನಿನ ಪರವಾಗಿ ಇರುವ ಪ್ರಮಾಣ ಸಾಮಾನ್ಯದ್ದಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 101 ಮಕ್ಕಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಈ ಔಷಧವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮಾತ್ರೆಯನ್ನೂ ಎಂಟು ವಾರ ಕೊಟ್ಟು ನೋಡಲಾಗಿ, ಔಷಧ ಪಡೆದವರಲ್ಲಿ ನೂರಕ್ಕೆ 69 ಮಂದಿಗೆ ಗಮನಾರ್ಹ ಸುಧಾರಣೆ ಕಂಡರೆ, ಹುಸಿಮಾತ್ರೆಯವರಲ್ಲಿ ಕಂಡದ್ದು 12 ಮಂದಿಗೆ. ಮಾನಸಿಕ ರೋಗಗಳ ಚಿಕಿತ್ಸೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಐದರಿಂದ ಹದಿನಾರು ವರ್ಷದವರೆಗಿನ ಸ್ವಲೀನ ಮಕ್ಕಳ ಸಿಡುಕಿಗೆ ಇದನ್ನು ಅಂಗೀಕರಿಸಿದರು. 2009ರಲ್ಲಿ ಅರಿಪಿಪ್ರಜೋಲ್ ಎಂಬ ಇನ್ನೊಂದಕ್ಕೂ ಅನುಮತಿ ಸಿಕ್ಕಿತು. ಇಪ್ಪತ್ತು ಕಿಲೋಗಿಂತ ಕಡಮೆ ತೂಕದ ಮಗುವಿಗೆ ರಿಸ್ಪೆರಿಡೋನನ್ನು ದಿನಕ್ಕೆ ಕಾಲು ಮಿಲಿಗ್ರಾಮಿನಿಂದ ಆರಂಭಿಸುವುದು ರೂಢಿ.

ಆದರೆ ಅದೇ ಎಂಟು ವಾರಗಳಲ್ಲಿ ಔಷಧ ಪಡೆದ ಮಕ್ಕಳ ತೂಕ ಸರಾಸರಿ 2.7 ಕಿಲೋ ಹೆಚ್ಚಿತ್ತು, ಹುಸಿಮಾತ್ರೆಯವರದು 0.8 ಕಿಲೋ. ಹಸಿವು ವಿಪರೀತವಾಗುತ್ತದೆ, ತೂಕಡಿಕೆ ಬರುತ್ತದೆ, ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಹುಡುಗರಲ್ಲಿಯೂ ಎದೆ ಉಬ್ಬುವುದುಂಟು, ಮೈಕೈ ಬಿಗಿಯುವುದುಂಟು. ಆದಕಾರಣ ಈ ಮಾತ್ರೆಯನ್ನು ಕೊಡುವ ಮನೆಯವರು ತಕ್ಕಡಿಯನ್ನೂ ಅದರ ಜೊತೆಗೇ ಪಡೆದರೆಂದು ಭಾವಿಸತಕ್ಕದ್ದು. ಮೊದಲ ಗುಳಿಗೆಗೆ ಮುಂಚೆ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಕೊಬ್ಬು ಇವುಗಳನ್ನು ಅಳೆದು ಬರೆದಿಟ್ಟು, ಆಮೇಲೆ ಆಗಾಗ್ಗೆ ಹೋಲಿಸಿ ನೋಡುವುದಕ್ಕೆ ದೊಡ್ಡ ನಗರವೇನೂ ಬೇಕಿಲ್ಲ. ಸಾಧಾರಣ ಸರಕಾರಿ ಆಸ್ಪತ್ರೆ ಸಾಕು. ಇಷ್ಟು ಸುಲಭವಾದ ಕೆಲಸವೇ ಬಹಳ ಕಡೆ ಬಿಟ್ಟುಹೋಗುವುದು ವಿಷಾದದ ಸಂಗತಿ.

ಮಾತ್ರೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಮಗು ಇಂದೇಕೆ ಹೀಗೆ ಮಾಡುತ್ತಿದೆ? ಮಾತು ಬಾರದ ಮಗುವಿಗೆ ಹಲ್ಲುನೋವು ಬಂದರೆ ಅದು ಕೆನ್ನೆಗೆ ಹೊಡೆದುಕೊಳ್ಳುತ್ತದೆ. ಕಿವಿ ಸೋರುತ್ತಿದ್ದರೆ ತಲೆ ಚಚ್ಚುತ್ತದೆ. ನಾಲ್ಕು ದಿನ ಮಲಬದ್ಧತೆಯಾದರೆ ಊಟದ ತಟ್ಟೆಯನ್ನು ಎಸೆಯುತ್ತದೆ. ನಾವು ಇದನ್ನೆಲ್ಲ ಹಟವೆನ್ನುತ್ತೇವೆ, ಇನ್ನು ಕೆಲವರು ಗಾಳಿಯೆನ್ನುತ್ತಾರೆ. ಬಾಯಿ ತೆರೆಸಿ ಹಲ್ಲು ನೋಡದೆ, ಕಿವಿಗೆ ದೀಪ ಹಿಡಿಯದೆ, ಹೊಟ್ಟೆ ಮುಟ್ಟದೆ ಬರೆದ ರಿಸ್ಪೆರಿಡೋನ್ ನೋವನ್ನು ಹಾಗೆಯೇ ಉಳಿಸಿ ದೂರನ್ನು ಮಾತ್ರ ಅಡಗಿಸುತ್ತದೆ. ನಮ್ಮ ಕಾಡಂಚಿನ ಮಗುವಿನ ವಿಷಯದಲ್ಲಿ ಕಾರಣವು ಪಟಾಕಿಯೇ ಆಗಿದ್ದರೆ, ಹೊಲದ ಕಡೆಗಲ್ಲದ ಒಳಕೋಣೆಯಲ್ಲಿ ಹಾಸಿಗೆ, ಕಿವಿ ಮುಚ್ಚುವ ಸಾಧನ, ಕಾವಲುಗಾರರಿಗೊಂದು ಮಾತು, ಇವೇ ಮೊದಲ ಚಿಕಿತ್ಸೆ. ನಿದ್ರೆಯೇ ಮುಖ್ಯ ತೊಂದರೆಯಾಗಿದ್ದಲ್ಲಿ ವೈದ್ಯರು ಮೆಲಟೋನಿನ್ ಎಂಬ ಸೌಮ್ಯವಾದ ಮದ್ದನ್ನು ಮೊದಲು ಯೋಚಿಸುವುದುಂಟು. ಇದು ಔಷಧವಿರೋಧಿಯ ವಾದವಲ್ಲ. ಕಾರಣಗಳನ್ನೆಲ್ಲ ಹುಡುಕಿ ಮುಗಿಸಿದ ಮೇಲೂ ಮಗು ತನ್ನ ಕಣ್ಣನ್ನು ತಾನೇ ಗುದ್ದಿಕೊಳ್ಳುತ್ತಿದ್ದರೆ ಮದ್ದನ್ನು ತಡೆಹಿಡಿಯುವುದೂ ಕ್ರೌರ್ಯವೇ. 2009ರ ಇನ್ನೊಂದು ಅಧ್ಯಯನದಲ್ಲಿ 124 ಮಕ್ಕಳ ಪೈಕಿ ಬರಿಯ ಮದ್ದು ಪಡೆದವರಿಗಿಂತ, ಮದ್ದಿನ ಜೊತೆಗೆ ತಂದೆತಾಯಿಗಳಿಗೂ ಕ್ರಮಬದ್ಧ ತರಬೇತಿ ದೊರೆತವರು ಹೆಚ್ಚು ಸುಧಾರಿಸಿದರು.

ಉಳಿದ ಔಷಧಗಳ ಕಥೆ ಇಷ್ಟು ಉಜ್ಜ್ವಲವಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಚಾಳಿಗೆಂದು ಕೊಟ್ಟ ಸಿಟಾಲೋಪ್ರಾಂ 2009ರ ಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಮಿಗಿಲಾಗಲಿಲ್ಲ. ಅತಿಚಟುವಟಿಕೆಗೆ ಮೀಥೈಲ್‌ಫೆನಿಡೇಟ್ ಸುಮಾರು ಅರ್ಧದಷ್ಟು ಮಕ್ಕಳಿಗೆ ಹಿಡಿಸಿತು. ಇನ್ನು, ಮನೆಯಿಂದ ಹೇಳದೆ ಹೊರಟುಹೋಗುವ ಅಭ್ಯಾಸಕ್ಕೆ ಮದ್ದೇ ಇಲ್ಲ. ಅಮೆರಿಕದ ಸಮೀಕ್ಷೆಯೊಂದರಲ್ಲಿ ಸುಮಾರು ಅರ್ಧದಷ್ಟು ಸ್ವಲೀನ ಮಕ್ಕಳು ನಾಲ್ಕು ವರ್ಷದ ಮೇಲೆ ಒಮ್ಮೆಯಾದರೂ ಹಾಗೆ ಹೊರಡಲು ಯತ್ನಿಸಿದ್ದರೆಂದು ಕಂಡುಬಂದಿತು. ಅಲ್ಲಿಯ ಭಯ ರಸ್ತೆ ಮತ್ತು ಕೊಳ. ಹುಲಿ ಆನೆಗಳ ಸೀಮೆಯಲ್ಲಿ ಅದಕ್ಕೆ ಬೇಕಾದದ್ದು ಮೇಲಿನ ಎತ್ತರದಲ್ಲೊಂದು ಚಿಲಕ, ಮಗುವಿನ ಮುಖ ಬಲ್ಲ ನೆರೆಹೊರೆ, ಅರಣ್ಯ ಇಲಾಖೆಯ ಕಾವಲುಗಾರನ ಪರಿಚಯ.

ಆ ತಾಯಿಗೆ ದಾರಿಗಳು ಇಲ್ಲವೆಂದಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ಚಾಮರಾಜನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಗುಂಡ್ಲುಪೇಟೆಗೆ ಸುಮಾರು ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ, ಮಾತು ಬಾರದ ಮಗುವಿಗೆ ಸಂವಹನವನ್ನು ಕಲಿಸಬಲ್ಲ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಿಂದ ನಡೆಯುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನೂ ತನ್ನ ಪಟ್ಟಿಗೆ ಸೇರಿಸಿದೆ. ರಿಸ್ಪೆರಿಡೋನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಇದೆ. ಕಷ್ಟವಿರುವುದು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಗದ್ದಲವನ್ನು ಸಹಿಸದ ಮಗುವನ್ನು ಹಿಡಿದುಕೊಂಡು, ತಿಂಗಳು ತಿಂಗಳೂ ಹೋಗಿಬರುವುದರಲ್ಲಿ.

ಹಾಗೆ ಹೋಗಿಬರುವುದು ನಿಂತಾಗ ಮಾತ್ರೆಯೂ ಒಂದು ದಿನ ತಟ್ಟನೆ ನಿಲ್ಲುತ್ತದೆ, ಇಲ್ಲವೇ ಹಳೆಯ ಚೀಟಿಯ ಮೇಲೆ ವರ್ಷಾನುಗಟ್ಟಲೆ ನಡೆಯುತ್ತದೆ, ಎರಡೂ ಕೂಡದು. ನಾಲ್ಕು ತಿಂಗಳು ರಿಸ್ಪೆರಿಡೋನಿನಿಂದ ಸುಧಾರಿಸಿದ ಮಕ್ಕಳಲ್ಲಿ ಕೆಲವರಿಗೆ ಅದನ್ನು ಮೆಲ್ಲಮೆಲ್ಲನೆ ತೆಗೆದು ಹುಸಿಮಾತ್ರೆ ಕೊಟ್ಟು ನೋಡಿದಾಗ ನೂರಕ್ಕೆ 62 ಮಂದಿಯಲ್ಲಿ ಹಳೆಯ ವರ್ತನೆ ಮರುಕಳಿಸಿತು. ಔಷಧವನ್ನು ಮುಂದುವರಿಸಿದವರಲ್ಲಿ ಮರುಕಳಿಸಿದ್ದು ಸುಮಾರು 12 ಮಂದಿಯಲ್ಲಿ. ಮದ್ದು ನಿಂತರೂ ಚೆನ್ನಾಗಿಯೇ ಇದ್ದ ಮಕ್ಕಳು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ತನ್ನ ಮಗು ಯಾವ ಗುಂಪಿನದೆಂಬುದು ಆರಂಭದಲ್ಲಿ ಯಾರಿಗೂ ತಿಳಿಯದ ಕಾರಣ, ಸ್ಥಿತಿ ಕೆಲವು ತಿಂಗಳು ನೆಮ್ಮದಿಯಾಗಿದ್ದ ಮೇಲೆ, ಶಾಲೆ ಬದಲಾಗದ, ಮನೆಯಲ್ಲಿ ಮದುವೆ ಮುಂಜಿಗಳಿಲ್ಲದ, ಬೆಳೆ ಕಟಾವಾಗಿ ಹೊಲಗಳಲ್ಲಿ ಪಟಾಕಿಯ ಸದ್ದು ತಗ್ಗಿದ ಕಾಲವನ್ನು ನೋಡಿ, ವೈದ್ಯರ ಕಣ್ಣೆದುರಿನಲ್ಲಿಯೇ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ನೋಡಬೇಕು.